ಹರಕ ಕಿವಿಯಾಕಿಗೆ ವಯಸ್ಸೆಷ್ಟು?

ನಮ್ಮ ಕಡೆ ಮಂಗ ಸತ್ತರೆ ಮನುಷ್ಯರಿಗೆ ಮಾಡಿದ ಹಾಗೇ ಮಣ್ಣು ಮಾಡುತ್ತಾರೆ. ಕರೆಂಟಿನ ತಂತಿ ತಗುಲಿ ಕಂಬದ ಬುಡಕ್ಕೆ ಬಿದ್ದ ಮಂಗನ ಮೈಯನ್ನು ಓಣಿಯವರೇ ತೊಳೆದು, ಅರಿಷಿಣ ಕುಂಕುಮ ಹಚ್ಚಿ, ಕೇಸರಿ ಬಟ್ಟೆ ಹೊದಿಸಿ ಕೂಡಿಸುತ್ತಾರೆ. ಭಜನಿಯವರು ಬರುತ್ತಾರೆ, ಹಲಗಿ ಬಡಿಯುತ್ತಾರೆ, ಹೆಣ್ಣುಮಕ್ಕಳು ಊದಿನಕಡ್ಡಿ ಹಚ್ಚಿ ಕೈ ಮುಗಿಯುತ್ತಾರೆ. ಹನುಮಪ್ಪನ ಗುಡಿಯ ಹತ್ತಿರ ಕುಣಿ ತೋಡಿ ಹೂಳುತ್ತಾರೆ. ಕೆಲವು ಊರುಗಳಲ್ಲಿ ಆಮೇಲೆ ದಿನ ಮಾಡಿ ಊಟ ಹಾಕುವುದೂ ಉಂಟು, ಕಟ್ಟೆ ಕಟ್ಟಿಸುವುದೂ ಉಂಟು. ಈ ಶ್ರದ್ಧೆಯನ್ನು ನಾನು ಗೌರವಿಸುತ್ತೇನೆ. ಆದರೆ ಮನುಷ್ಯರ ಮಣ್ಣಿಗೆ ಹೋದವರು ಮೊದಲು ಕೇಳುವ ಮಾತು, "ವಯಸ್ಸೆಷ್ಟಾಗಿತ್ರೀ?" ಎಂಬುದು. ಮಂಗನ ಮಣ್ಣಿನಲ್ಲಿ ಆ ಮಾತನ್ನು ಯಾರೂ ಕೇಳಿದ್ದು ನನಗೆ ನೆನಪಿಲ್ಲ.

ಮಂಗಕ್ಕೆ ವಯಸ್ಸಾಗುತ್ತದೆ ಎಂಬುದೇ ನಮಗೆ ಹೊಳೆಯುವುದಿಲ್ಲ. ನಮ್ಮ ಕಣ್ಣಿಗೆ ಅವುಗಳಲ್ಲಿ ಎರಡೇ ಬಗೆ: ಮರಿ ಮತ್ತು ದೊಡ್ಡದು. ಧಾರವಾಡದ ಸಪ್ತಾಪುರ, ಸಾಧನಕೇರಿ, ವಿಶ್ವವಿದ್ಯಾಲಯದ ಗುಡ್ಡ, ಎಲ್ಲಿ ನಿಂತರೂ ಉದ್ದ ಬಾಲದ ಕರಿ ಮಾರಿಯ ಮುಸುವಗಳು ಕಣ್ಣಿಗೆ ಬೀಳುತ್ತವೆ. ನಮ್ಮ ಅಜ್ಜಂದಿರ ಕಾಲದಲ್ಲೂ ಬಂದಿದ್ದವು, ಈಗಲೂ ಬರುತ್ತವೆ. ಹಿಂಡು ಅದೇ ಆಗಿರುವುದರಿಂದ ಒಳಗಿನ ಜೀವಗಳೂ ಅವೇ ಎಂದುಕೊಂಡುಬಿಡುತ್ತೇವೆ. ಅದರ ಮೇಲೆ ಹನುಮಂತ ಚಿರಂಜೀವಿ. ಶನಿವಾರ ನುಗ್ಗಿಕೇರಿಯ ಹನುಮಪ್ಪನ ಗುಡಿಗೆ ಹೋಗಿ ಕಾಯಿ ಒಡೆಸಿ ಬರುವ ಊರಿನವರಿಗೆ ಮಂಗ ಮುದಿಯಾಗುವುದನ್ನು ಕಲ್ಪಿಸಿಕೊಳ್ಳುವುದು ಸುಲಭವಲ್ಲ.

ಮುದಿ ಮಂಗವೊಂದನ್ನು ನನಗೆ ಮೊದಲು ತೋರಿಸಿದವರು ನಮ್ಮ ಓಣಿಯ ಅಕ್ಕೋರು. ಸಾಲಿಯಲ್ಲಿ ಕಲಿಸಿ ನಿವೃತ್ತರಾದವರು, ಎಂಬತ್ತು ದಾಟಿದವರು. ಮಕ್ಕಳು ಒಬ್ಬರು ಪುಣೆಯಲ್ಲಿ, ಒಬ್ಬರು ಹೊರದೇಶದಲ್ಲಿ. ಮಂಗಗಳ ಕಾಟಕ್ಕೆಂದು ಮಕ್ಕಳು ಪಡಸಾಲೆಗೆ ಪೂರ್ತಿ ಗ್ರಿಲ್ ಹಾಕಿಸಿದ್ದಾರೆ. ಅದರೊಳಗೆ ಕುರ್ಚಿ ಹಾಕಿಕೊಂಡು ಕೂತು ಅವರು ಹಿತ್ತಲಿನ ನುಗ್ಗಿ ಗಿಡ ಮತ್ತು ಕಾಂಪೌಂಡ್ ಗೋಡೆ ನೋಡುತ್ತಾರೆ.

"ಹರಕ ಕಿವಿಯಾಕಿ ಬಂದಾಳ ನೋಡ ತಮ್ಮಾ," ಅಂದರು ಒಂದು ಮುಂಜಾನೆ. "ಮೊದಲ ಆಕಿ ಈ ಗ್ವಾಡಿ ಮ್ಯಾಲಿಂದ ಆ ಮಾವಿನ ಗಿಡಕ್ಕ ಒಂದ ಜಿಗತಕ್ಕ ಹೋಗ್ತಿದ್ಲು. ಈಗ ಗ್ವಾಡಿ ಇಳದು, ನಡಕೊಂಡ ಹೋಗಿ ಗಿಡಾ ಏರ್ತಾಳ."

"ಒಳಗ ಬಂದು ಏನರೆ ಒಯ್ಯೂದಿಲ್ಲೇನ್ರೀ ಅಕ್ಕೋರ?"

"ಹುಡುಗೂರು ಒಯ್ತಾವ. ಆಕಿ ಕುಂತ ನೋಡ್ತಾಳ. ಹಲ್ಲ ಸವದಾವ ಆಕೀವು. ಎಳೀ ಎಲಿ ಅಷ್ಟ ತಿಂತಾಳ, ಬಲತದ್ದು ಬಿಡ್ತಾಳ."

ಹೇಳಿದ ಮೇಲೆ ನನಗೂ ಕಂಡಿತು. ಬಲಗಿವಿಯ ಅಂಚು ಹರಿದು ಎರಡು ಚೂರಾಗಿತ್ತು. ಕೆನ್ನೆ ಒಳಸೇರಿತ್ತು, ಬೆನ್ನಿನ ರೋಮ ತೆಳ್ಳಗಾಗಿ ಅಲ್ಲಲ್ಲಿ ಚರ್ಮ ಕಾಣುತ್ತಿತ್ತು. ನುಗ್ಗಿಯ ಟೊಂಗೆಯನ್ನು ಎಳೆದುಕೊಂಡು ತುದಿಯ ಚಿಗುರನ್ನಷ್ಟೇ ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿಯುತ್ತಿತ್ತು. ಅಷ್ಟರಲ್ಲಿ ಹರೆಯದ ಹೆಣ್ಣೊಂದು ಅದೇ ಟೊಂಗೆಯ ಕಡೆ ಬರತೊಡಗಿತು. ಹಲ್ಲು ಕಿರಿಯಲಿಲ್ಲ, ಕೈ ಎತ್ತಲಿಲ್ಲ, ಸುಮ್ಮನೆ ನಡೆದು ಬಂತು. ಅದು ತಲುಪುವ ಮೊದಲೇ ಮುದುಕಿ ಎದ್ದು, ಜಾಗ ಬಿಟ್ಟುಕೊಟ್ಟು, ಗೋಡೆಯ ಕೊನೆಗೆ ಹೋಗಿ ಕೂತಿತು.

ಅಕ್ಕೋರ ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿ ಈ ಹಿಂಡಿನ ಸುದ್ದಿಯೂ ಇರುತ್ತದೆ: ಯಾವುದು ಮರಿ ಹಾಕಿತು, ಯಾವುದು ಕುಂಟುತ್ತಿದೆ, ಯಾವುದು ಬರುವುದು ನಿಂತಿತು. ಹಳೆಯ ಕ್ಯಾಲೆಂಡರುಗಳನ್ನೂ ಅವರು ಎಸೆದಿಲ್ಲ. ಆದರೂ ಹರಕ ಕಿವಿಯಾಕಿಗೆ ವಯಸ್ಸೆಷ್ಟು ಎಂದರೆ ಅವರ ಬಳಿ ಉತ್ತರವಿರಲಿಲ್ಲ. ಅವರು ಗುರುತು ಹಿಡಿದಾಗಲೇ ಅದು ತಾಯಿಯಾಗಿತ್ತು.

ಮಂಗಗಳ ಆಯುಷ್ಯವನ್ನು ವರ್ಷ ವರ್ಷ ಎಣಿಸಿರುವುದು ಹೆಚ್ಚಾಗಿ ಬೋನಿನಲ್ಲಿ. ಉತ್ತರ ಭಾರತದ ರೀಸಸ್ ಮಂಗ ಬೋನಿನಲ್ಲಿ ಸಾಮಾನ್ಯವಾಗಿ 25 ವರ್ಷದ ಸುಮಾರು ಬದುಕುತ್ತದೆ. 40 ಮುಟ್ಟಿದವೂ ಇವೆ. ಹೊರಗಿನ ಬದುಕಿನಲ್ಲಿ 20 ದಾಟುವುದೇ ಅಪರೂಪ. ಈ ಅಂತರ ನೋಡಿದವರಿಗೆ ಬೋನು ಮುಪ್ಪನ್ನು ಮುಂದಕ್ಕೆ ತಳ್ಳಿತು ಅನಿಸುವುದು ಸಹಜ. ನನಗೂ ಬಹಳ ಕಾಲ ಹಾಗೇ ಅನಿಸುತ್ತಿತ್ತು. ಆದರೆ 2021ರಲ್ಲಿ ಹಲವು ದೇಶಗಳ ಸಂಶೋಧಕರು ಸೇರಿ ಕಾಡಿನ ಮತ್ತು ಬೋನಿನ ಮಂಗ, ವಾನರ ಹಾಗೂ ಮನುಷ್ಯರ ಜನನ ಮರಣದ ಲೆಕ್ಕಗಳನ್ನು ಒಟ್ಟಿಗಿಟ್ಟು ನೋಡಿದಾಗ ಕಂಡದ್ದು ಬೇರೆ. ಒಂದು ಜಾತಿಯಲ್ಲಿ ಪ್ರಾಯ ಕಳೆದ ಮೇಲೆ ಮೈ ಸವೆಯುವ ವೇಗ ಹೆಚ್ಚು ಕಡಿಮೆ ಒಂದೇ. ಬೋನಾಗಲಿ ಕಾಡಾಗಲಿ ಅದನ್ನು ಹೆಚ್ಚು ಬದಲಿಸುವುದಿಲ್ಲ. ಸರಾಸರಿ ಆಯುಷ್ಯ ಏರುವುದು ಎಳೆತನದ ಮತ್ತು ನಡುವಯಸ್ಸಿನ ಸಾವುಗಳು ತಪ್ಪುವುದರಿಂದ. ಚಿರತೆ ಇಲ್ಲ, ನಾಯಿ ಇಲ್ಲ, ತಂತಿ ಇಲ್ಲ, ಬರಗಾಲವಿಲ್ಲ. ಆದ್ದರಿಂದ ಹೆಚ್ಚು ಮಂಗಗಳು ಮುಪ್ಪಿನವರೆಗೆ ಬರುತ್ತವೆ. ಬಂದ ಮೇಲೆ ಅವಕ್ಕೂ ಕಣ್ಣಿಗೆ ಪೊರೆ, ಕೀಲಿಗೆ ನೋವು, ಬಾಗಿದ ಬೆನ್ನು, ಸಕ್ಕರೆ ಕಾಯಿಲೆ ಎಲ್ಲವೂ ಬರುವುದುಂಟು.

ನಮ್ಮ ಕಥೆಯೂ ಇದೇ. ಸ್ವಾತಂತ್ರ್ಯ ಬಂದ ಹೊತ್ತಿಗೆ ಭಾರತೀಯರ ಸರಾಸರಿ ಆಯುಷ್ಯ 32ರ ಆಸುಪಾಸಿನಲ್ಲಿತ್ತು, ಈಗ 70ರ ಆಸುಪಾಸಿನಲ್ಲಿದೆ. 32ರ ಕಾಲದಲ್ಲಿ ಜನ 32ಕ್ಕೇ ಮುದುಕರಾಗುತ್ತಿದ್ದರು ಎಂದಲ್ಲ. ತೊಟ್ಟಿಲಲ್ಲೇ ಹೋಗುವ ಕೂಸುಗಳು, ಬಾಣಂತನದಲ್ಲಿ ಹೋಗುವ ತಾಯಂದಿರು ಅಷ್ಟು ಇದ್ದರು. ಅಂದಿನ ಎಂಬತ್ತರ ಅಜ್ಜಿಗೂ ಇಂದಿನ ಎಂಬತ್ತರ ಅಕ್ಕೋರಿಗೂ ಮೊಣಕಾಲು ನೋಯುವುದು ಒಂದೇ ಥರ.

ಅಮೆರಿಕದಲ್ಲಿ 1987ರಲ್ಲಿ ರಾಷ್ಟ್ರೀಯ ವೃದ್ಧಾಪ್ಯ ಸಂಸ್ಥೆಯೂ 1989ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯವೂ ರೀಸಸ್ ಮಂಗಗಳ ಊಟವನ್ನು ಶೇಕಡಾ 30ರಷ್ಟು ಕಡಿಮೆ ಮಾಡಿ ಆಯುಷ್ಯ ಹೆಚ್ಚುತ್ತದೆಯೇ ಎಂದು ನೋಡತೊಡಗಿದವು. 2009ರಲ್ಲಿ ವಿಸ್ಕಾನ್ಸಿನ್‌ನವರು ಹೆಚ್ಚುತ್ತದೆ ಎಂದರು, 2012ರಲ್ಲಿ ಇನ್ನೊಂದು ತಂಡ ಅಂಥ ಲಾಭ ಕಾಣಲಿಲ್ಲ ಎಂದಿತು. 2017ರಲ್ಲಿ ಇಬ್ಬರೂ ಒಟ್ಟಿಗೆ ಕೂತು, ಆಹಾರದ ಬಗೆ ಮತ್ತು ಪ್ರಯೋಗ ಶುರುವಾದ ವಯಸ್ಸು ಬೇರೆ ಇದ್ದುದರಿಂದ ಫಲ ಬೇರೆ ಬಂತು, ಮಿತವಾದ ಊಟದಿಂದ ಆರೋಗ್ಯ ಸುಧಾರಿಸುವುದಂತೂ ನಿಜ ಎಂದು ಬರೆದರು. ಆ ಮಂಗಗಳು ಎಷ್ಟು ಉಂಡವೆಂದು ಅಳೆಯಬೇಕಾದ್ದರಿಂದ ಬಹುಪಾಲು ಒಂಟಿ ಬೋನಿನಲ್ಲಿದ್ದವು. ನನ್ನ ಮನಸ್ಸು ನಿಲ್ಲುವುದು ಈ ಮಾತಿನ ಮೇಲೆ. ಆಯುಷ್ಯವನ್ನು ಕರಾರುವಾಕ್ಕಾಗಿ ಎಣಿಸಬೇಕಾದರೆ ಮಂಗವನ್ನು ಹಿಂಡಿನಿಂದ ಹೊರಗೆ ತರಬೇಕಾಯಿತು. ಹೊರಗೆ ತಂದಮೇಲೆ, ಮುದಿಯಾದ ಮಂಗ ಹಿಂಡಿನಲ್ಲಿ ಏನಾಗಿರುತ್ತದೆ ಎಂಬುದನ್ನು ಆ ಬೋನು ಹೇಳಲಾರದು.

ಅದನ್ನು ತಿಳಿಯಲು ಹೊರಗೆ, ಗಿಡದ ಕೆಳಗೆ ವರ್ಷಗಟ್ಟಲೆ ಕೂರಬೇಕು. ಹಾಗೆ ಕೂರುವ ಕೆಲಸ ನಮ್ಮ ದೇಶದಲ್ಲಿ ಮೊದಲು ನಡೆದ ಊರುಗಳಲ್ಲಿ ಧಾರವಾಡವೂ ಒಂದು. 1961ರಿಂದ 1963ರವರೆಗೆ ಜಪಾನಿನ ಕ್ಯೋಟೋದಿಂದ ಬಂದ ಯುಕಿಮಾರು ಸುಗಿಯಾಮಾ, ಅವರ ಜೊತೆ ಯೋಶಿಬಾ ಮತ್ತು ಎಂ. ಡಿ. ಪಾರ್ಥಸಾರಥಿ, ಧಾರವಾಡದ ಸುತ್ತಿನ ಕಾಡು ಮತ್ತು ರಸ್ತೆ ಬದಿಯಲ್ಲಿ ಮುಸುವಗಳ ಹಿಂಡುಗಳನ್ನು ಬೆನ್ನು ಹತ್ತಿದರು. ಒಂದೊಂದು ಮಂಗವನ್ನೂ ಮುಖದಿಂದ, ಗಾಯದಿಂದ ಬೇರೆಬೇರೆಯಾಗಿ ಗುರುತಿಸುವುದು ಕ್ಯೋಟೋದವರ ಕ್ರಮ. 1962ರಲ್ಲಿ ಅವರು ಕಂಡದ್ದು ಜಗತ್ತಿನ ಪ್ರಾಣಿಶಾಸ್ತ್ರವನ್ನು ಅಲ್ಲಾಡಿಸಿತು. ಹೊರಗಿನ ಗಂಡುಗಳ ಗುಂಪೊಂದು ಹಿಂಡಿನ ಮೇಲೆ ಬಿದ್ದು ಹಳೆಯ ಯಜಮಾನನನ್ನು ಓಡಿಸಿತು. ಅವುಗಳಲ್ಲಿ ಒಂದು ಗಂಡು ಹಿಂಡಿನಲ್ಲಿ ಉಳಿದು, ಅಲ್ಲಿದ್ದ ಕೂಸುಗಳನ್ನು ಕಚ್ಚಿ ಕೊಂದಿತು. ಕೂಸು ಕಳೆದುಕೊಂಡ ತಾಯಂದಿರು ಬೇಗ ಮತ್ತೆ ಬೆದೆಗೆ ಬಂದವು. ಆಗ ಅನೇಕ ವಿದ್ವಾಂಸರು ಇದನ್ನು ನಂಬಲಿಲ್ಲ, ಕೆಲವರು ರೋಗವೆಂದರು. ಮಂಗಗಳ ಸಮಾಜವನ್ನು ಓದುವ ಯಾರೂ ಇಂದಿಗೂ ಧಾರವಾಡದ ಹೆಸರನ್ನು ದಾಟಿ ಹೋಗಲಾರರು.

ಆ ಅಧ್ಯಯನ ಎರಡು ವರ್ಷದ್ದು. ಎರಡು ವರ್ಷದಲ್ಲಿ ಹುಟ್ಟು ಕಾಣುತ್ತದೆ, ಕೊಲೆ ಕಾಣುತ್ತದೆ, ಯಜಮಾನಿಕೆ ಬದಲಾಗುವುದು ಕಾಣುತ್ತದೆ. ಮುಪ್ಪು ಕಾಣುವುದಿಲ್ಲ. 1962ರಲ್ಲಿ ಹುಟ್ಟಿ ಬದುಕುಳಿದ ಹೆಣ್ಣು ಮರಿಯೊಂದು ಧಾರವಾಡದಲ್ಲೇ, ತನ್ನ ತಾಯಿಯ ಹಿಂಡಿನಲ್ಲೇ ಬೆಳೆದಿರುತ್ತದೆ, ಏಕೆಂದರೆ ಮುಸುವಗಳಲ್ಲಿ ಹೆಣ್ಣು ಹುಟ್ಟಿದ ಹಿಂಡು ಬಿಡುವುದಿಲ್ಲ, ಗಂಡು ಬಿಡುತ್ತದೆ. ಒಳ್ಳೆಯ ಆಯುಷ್ಯವಿದ್ದರೆ 1980ರ ದಶಕದ ಕೊನೆಗೆ ಅದು ಮೊಮ್ಮಕ್ಕಳ ನಡುವಿನ ಹಲ್ಲು ಸವೆದ ಅಜ್ಜಿ. ಆಗ ಅದರ ಹೆಸರು ಹಿಡಿದು ಕರೆಯುವವರು ಈ ಊರಲ್ಲಿ ಇರಲಿಲ್ಲ.

ಮುಪ್ಪು ಕಂಡದ್ದು ಬೇರೆ ಕಡೆ. ಧಾರವಾಡದ ಸುದ್ದಿ ಕೇಳಿ 1971ರಲ್ಲಿ ರಾಜಸ್ಥಾನದ ಮೌಂಟ್ ಅಬುಗೆ ಬಂದ ಅಮೆರಿಕದ ಸಾರಾ ಹರ್ಡಿ ಹಲವು ವರ್ಷ ಮತ್ತೆ ಮತ್ತೆ ಅಲ್ಲಿಗೇ ಬಂದರು. ಜೋಧಪುರದ ಮುಸುವಗಳನ್ನು ಮೋಹನೋತ್, ಸೊಮ್ಮರ್, ಬೊರೀಸ್ ಮೊದಲಾದವರು ದಶಕಗಟ್ಟಲೆ ನೋಡಿದರು. ಎರಡೂ ಕಡೆ ಕಂಡದ್ದು ಅಕ್ಕೋರ ಗೋಡೆಯ ಮೇಲೆ ನಾನು ಕಂಡದ್ದೇ. ಯಾವ ಹೆಣ್ಣು ಯಾವುದಕ್ಕೆ ಜಾಗ ಬಿಡುತ್ತದೆ ಎಂದು ಬರೆದಿಟ್ಟು ಅಂತಸ್ತು ಅಳೆದಾಗ, ಮುಸುವಗಳಲ್ಲಿ ಹರೆಯದ ಹೆಣ್ಣುಗಳು ಮೇಲೆ, ವಯಸ್ಸಾದಂತೆ ಕೆಳಗೆ, ಮುದುಕಿಯರು ತೀರಾ ಅಂಚಿನಲ್ಲಿ. ಕೆಂಪು ಮಾರಿಯ ಕೋತಿಗಳಲ್ಲಿ ಹಾಗಲ್ಲ. ಅಲ್ಲಿ ಮಗಳ ಅಂತಸ್ತು ತಾಯಿಯದನ್ನು ಅನುಸರಿಸುತ್ತದೆ, ದೊಡ್ಡ ಮನೆತನದ ಮುದುಕಿ ಮುದುಕಿಯಾದ ಮೇಲೂ ಹೆಣ್ಣುಮಕ್ಕಳ ಬಲದಿಂದ ದೊಡ್ಡಾಕಿಯೇ. ಒಂದೇ ಊರಿನ, ಒಂದೇ ಆಲದ ಮರದ ಹಣ್ಣು ತಿನ್ನುವ ಎರಡು ಜಾತಿಗಳಲ್ಲಿ ಮುಪ್ಪಿನ ಅರ್ಥವೇ ಬೇರೆ. ಮುಪ್ಪು ಮೈಯೊಳಗೆ ನಡೆಯುವುದಷ್ಟೇ ಅಲ್ಲ, ಸುತ್ತಲಿನವರು ನಡೆಸುವುದೂ ಹೌದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ನನಗೆ ಸಿಕ್ಕಿಲ್ಲ.

ಹಾಗಾದರೆ ಮುಸುವ ಮುದುಕಿಯ ಪಾಡು ದೈನ್ಯದ್ದೇ? ಹರ್ಡಿ ಬರೆದ ಒಂದು ಪ್ರಸಂಗ ಓದಿದ ಮೇಲೆ ನಾನು ಹಾಗೆ ಹೇಳುವುದನ್ನು ಬಿಟ್ಟೆ. ಅಬುವಿನ ಒಂದು ಹಿಂಡಿನಲ್ಲಿ ಅವರು ಸೋಲ್ ಎಂದು ಹೆಸರಿಟ್ಟ ಮುದಿ ಹೆಣ್ಣೊಂದಿತ್ತು. ಮರಿ ಹಾಕುವ ಕಾಲ ಮುಗಿದಿತ್ತು, ಹಿಂಡಿನ ಅಂಚಿನಲ್ಲಿ ಇರುತ್ತಿತ್ತು, ಎಲ್ಲರಿಗೂ ಜಾಗ ಬಿಡುತ್ತಿತ್ತು. ಹೊಸ ಗಂಡು ಬಂದು ಕೂಸೊಂದರ ಮೇಲೆ ಎರಗಿದಾಗ, ಎಳೆಯ ವಯಸ್ಸಿನ, ಮೇಲಿನ ಅಂತಸ್ತಿನ ಹೆಣ್ಣುಗಳು ಇದ್ದೂ ಎದುರು ನಿಂತದ್ದು ಈ ಮುದುಕಿ, ಜೊತೆಗೆ ಒಂದು ಕೈ ಊನವಾಗಿದ್ದ ಇನ್ನೊಂದು ವಯಸ್ಸಾದ ಹೆಣ್ಣು. ತಮಗಿಂತ ಬಹಳ ಬಲವಾದ ಗಂಡಿನ ಮೇಲೆ ಬಿದ್ದು, ಗಾಯಗೊಂಡ ಕೂಸನ್ನು ಅದರ ಹಿಡಿತದಿಂದ ಕಿತ್ತು ತಂದವು. ಸಂಜೆ ಅದೇ ಮುದುಕಿ ಮತ್ತೆ ಎಲ್ಲರಿಗೂ ಜಾಗ ಬಿಡುವ ಮುದುಕಿಯೇ ಆಗಿದ್ದಿರಬೇಕು.

ಇದಕ್ಕೆ ವಿಜ್ಞಾನ ಕೊಡುವ ಕಾರಣ ಸರಳ. ಹಿಂಡಿನ ಹೆಣ್ಣುಗಳೆಲ್ಲ ರಕ್ತಸಂಬಂಧಿಗಳು. ಇನ್ನು ಮರಿ ಹಾಕಲಾರದ ಮುದುಕಿಗೆ ಚಿಗುರೆಲೆ ಬಿಟ್ಟುಕೊಡುವುದರಲ್ಲೂ ಪ್ರಾಣ ಒಡ್ಡುವುದರಲ್ಲೂ ಕಳೆದುಕೊಳ್ಳುವುದು ಕಡಿಮೆ, ವಂಶಕ್ಕೆ ಸಿಗುವುದು ಹೆಚ್ಚು. ನಾನು ಈ ಲೆಕ್ಕವನ್ನು ಒಪ್ಪುತ್ತೇನೆ. ಒಪ್ಪಿಯೂ ಆ ಲೆಕ್ಕದಿಂದ ಸೋಲ್ ಚಿಕ್ಕವಳಾಗುವುದಿಲ್ಲ. ಅಂತಸ್ತು ಬೇರೆ, ಆಸರೆಯಾಗಿ ನಿಲ್ಲುವುದು ಬೇರೆ. ಹಿಂಡು ಮೊದಲನೆಯದನ್ನು ಕಿತ್ತುಕೊಂಡರೂ ಎರಡನೆಯದನ್ನು ಕಿತ್ತುಕೊಳ್ಳಲಾಗಲಿಲ್ಲ.

ಗಂಡುಗಳ ಮಾತು ಬೇರೆ, ಅದನ್ನೂ ಹೇಳಬೇಕು. ಹಿಂಡಿನ ಯಜಮಾನಿಕೆ ಜೋಧಪುರದ ಲೆಕ್ಕದಲ್ಲಿ ಸರಾಸರಿ ಎರಡು ವರ್ಷ ಚಿಲ್ಲರೆ. ಆಮೇಲೆ ಗಾಯ, ಓಟ, ಗಂಡುಗಳ ಗುಂಪು ಅಥವಾ ಒಂಟಿತನ. ಮುಸುವಗಳ ಹಿಂಡನ್ನು ಆದರ್ಶ ಕುಟುಂಬವೆಂದು ಹೊಗಳುವವರು ಇದನ್ನು ಮರೆಯಬಾರದು.

ನಮ್ಮವರ ಕಲ್ಪನೆಗೆ ಈ ಮುದಿ ಮಂಗ ಪೂರ್ತಿ ಹೊಸದೇನೂ ಅಲ್ಲ ಎಂದು ಈಚೆಗೆ ಅನಿಸತೊಡಗಿದೆ. ಹುಬ್ಬಳ್ಳಿಯ ಪಕ್ಕದ ಕೋಳಿವಾಡದಲ್ಲಿ ಹುಟ್ಟಿದ ಕುಮಾರವ್ಯಾಸನ ಭಾರತದಲ್ಲೂ ಬರುವ ಪ್ರಸಂಗ ಎಲ್ಲರಿಗೂ ಗೊತ್ತು. ಸೌಗಂಧಿಕ ಪುಷ್ಪಕ್ಕೆಂದು ಹೊರಟ ಭೀಮನ ದಾರಿಗೆ ಹನುಮಂತ ಅಡ್ಡ ಮಲಗಿದ್ದಾನೆ. ಚಿರಂಜೀವಿಯಾದವನು ಬೇಕಾದ ರೂಪ ತಾಳಬಹುದಿತ್ತು; ತಾಳಿದ್ದು ಏಳಲಾರದ ಮುದಿ ಮಂಗನ ರೂಪ. ಬಾಲ ಸರಿಸು ಎಂದ ತಮ್ಮನಿಗೆ, ನನಗೆ ಶಕ್ತಿಯಿಲ್ಲ, ನೀನೇ ಎತ್ತಿಡು ಎಂದ. ಭೀಮನಿಗೆ ಎತ್ತಲಾಗಲಿಲ್ಲ. ಯಕ್ಷಗಾನದಲ್ಲೂ ಬಯಲಾಟದಲ್ಲೂ ಜನ ಇದನ್ನು ಗರ್ವಭಂಗದ ಕಥೆಯಾಗಿ ನೋಡುತ್ತಾರೆ. ಈಗ ನನಗೆ ಅದು ದಾರಿಯಲ್ಲಿ ಬಿದ್ದ ಮುದಿ ಜೀವವನ್ನು ಕಂಡು, ಇದರಲ್ಲಿ ಇನ್ನೇನಿದೆ ಎಂದು ಬಲವುಳ್ಳವನು ತಪ್ಪು ಅಂದಾಜು ಮಾಡಿದ ಕಥೆ.

ಧಾರವಾಡವನ್ನು ಪಿಂಚಣಿದಾರರ ಊರು ಎನ್ನುತ್ತಾರೆ. ಹವೆ ತಂಪು, ಗದ್ದಲ ಕಡಿಮೆ, ಆಸ್ಪತ್ರೆ ಹತ್ತಿರ. ಇಲ್ಲಿ ಎಂಬತ್ತು ದಾಟಿದವರು ಪ್ರತಿ ಓಣಿಯಲ್ಲೂ ಇದ್ದಾರೆ, ಮಕ್ಕಳು ಮಾತ್ರ ಬೆಂಗಳೂರು, ಪುಣೆ, ಟೆಕ್ಸಾಸ್. ಮಾತ್ರೆಯ ಡಬ್ಬಿ, ಬಾಗಿಲಿಗೆ ಕ್ಯಾಮೆರಾ, ದಿನಕ್ಕೊಮ್ಮೆ ವಿಡಿಯೋ ಕರೆ, ಮೆತ್ತಗಿನ ಊಟ ತಂದುಕೊಡುವ ಡಬ್ಬಿಯವರು. ಮಕ್ಕಳಿಗೆ ಪ್ರೀತಿ ಇಲ್ಲವೆಂದು ನಾನು ಹೇಳುವುದಿಲ್ಲ. ಅಷ್ಟು ದೂರದಿಂದ ಮಾಡಬಹುದಾದ್ದನ್ನೆಲ್ಲ ಮಾಡುತ್ತಾರೆ. ಆದರೆ ಅಪಾಯಗಳನ್ನು ಒಂದೊಂದಾಗಿ ತೆಗೆದು ವರ್ಷಗಳನ್ನು ಕೂಡಿಸುವ ಈ ಕ್ರಮ ಮೃಗಾಲಯದ ಕ್ರಮವೇ. ಜಾಗ ಬಿಟ್ಟುಕೊಡಲು ಒಬ್ಬ ಸೊಸೆ, ಅಡ್ಡ ನಿಂತು ಕಾಯಲು ಒಂದು ಮೊಮ್ಮಗು ಅಕ್ಕೋರ ಪಡಸಾಲೆಯಲ್ಲಿ ಇಲ್ಲ. ಗ್ರಿಲ್ಲಿನ ಒಳಗಿಂದ ಅವರು ಇಡೀ ಹಿಂಡಿನ ಲೆಕ್ಕ ಇಡುತ್ತಿರುವುದು ಹೊತ್ತು ಹೋಗಲೆಂದು ಎಂದು ನಾನು ಮೊದಲು ತಿಳಿದಿದ್ದೆ. ಈಗ ಹಾಗನಿಸುವುದಿಲ್ಲ. ಯಾರನ್ನಾದರೂ ಕಾಯುವ ಕೆಲಸ ಮುದಿಜೀವಕ್ಕೆ ಬೇಕು, ಅದನ್ನು ಅವರು ತಾವೇ ಹುಡುಕಿಕೊಂಡಿದ್ದಾರೆ.

ಹೀಗೆ ಲೆಕ್ಕ ಇಡುವುದರಿಂದ ಏನು ತಿಳಿಯುತ್ತದೆ ಎಂಬುದಕ್ಕೆ ದೂರದ ಒಂದು ಉದಾಹರಣೆಯಿದೆ. ಪೋರ್ಟೊರಿಕೊದ ಹತ್ತಿರದ ಕಾಯೊ ಸ್ಯಾಂಟಿಯಾಗೊ ಎಂಬ ಸಣ್ಣ ದ್ವೀಪದಲ್ಲಿ 1938ರಲ್ಲಿ ಭಾರತದಿಂದ ಹಡಗಿನಲ್ಲಿ ಒಯ್ದು ಬಿಟ್ಟ 409 ರೀಸಸ್ ಮಂಗಗಳ ಸಂತತಿ ಇವತ್ತಿಗೂ ಇದೆ. ಬೋನಿಲ್ಲ, ಮೇವು ಹಾಕುತ್ತಾರೆ, ಪ್ರತಿಯೊಂದಕ್ಕೂ ಹುಟ್ಟಿದ ದಿನದಿಂದ ಸಾಯುವ ದಿನದವರೆಗೆ ದಾಖಲೆ. ವಯಸ್ಸಾದಂತೆ ಅವು ಸಂಗಾತಿಗಳನ್ನು ಕಡಿಮೆ ಮಾಡಿಕೊಂಡು, ಹಳೆಯ ಗಟ್ಟಿ ಸಂಬಂಧಗಳನ್ನಷ್ಟೇ ಉಳಿಸಿಕೊಳ್ಳುತ್ತವೆ ಎಂಬುದು ಅಲ್ಲಿ ಗೊತ್ತಾಯಿತು. 2017ರ ಮರಿಯಾ ಚಂಡಮಾರುತ ಕಂಡ ಮಂಗಗಳ ರೋಗನಿರೋಧಕ ಶಕ್ತಿ ಎರಡು ವರ್ಷದಷ್ಟು ಹೆಚ್ಚು ಮುದಿಯಾಯಿತು ಎಂಬುದೂ ಗೊತ್ತಾಯಿತು. ಇಂಥ ತಿಳಿವಳಿಕೆ ಕೊಟ್ಟದ್ದು ದೊಡ್ಡ ಯಂತ್ರವಷ್ಟೇ ಅಲ್ಲ, ನಿಲ್ಲದೆ ಬರೆದ ವಹಿ.

ಅಷ್ಟರಲ್ಲಿ ನಮ್ಮ ಕೈಯಿಂದ ಜಾರುತ್ತಿರುವುದೂ ಇದೆ. ಮೈಸೂರು ಭಾಗದಲ್ಲಿ ಕೆಂಪು ಮಾರಿಯ ಕೋತಿಗಳು 25 ವರ್ಷಗಳಲ್ಲಿ ಶೇಕಡಾ 65ಕ್ಕಿಂತ ಹೆಚ್ಚು ಕಡಿಮೆಯಾದವು ಎಂದು 2017ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ರಸ್ತೆ ಅಗಲವಾದಂತೆ ಸಾಲುಮರಗಳು ಹೋದವು, ಮರದ ಜೊತೆ ಕೋತಿಗಳೂ ಹೋದವು. ಹುಬ್ಬಳ್ಳಿ ಧಾರವಾಡದ ನಡುವೆ ಚಿಗರಿ ಬಸ್ಸಿನ ದಾರಿಗೆಂದು ಕಡಿದ ಮರಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮರವಿಲ್ಲದ ಕಡೆ ಮಂಗ ತಂತಿ ಹಿಡಿಯುತ್ತದೆ, ಮುಪ್ಪು ಬರುವ ಮೊದಲೇ ಸಾಯುತ್ತದೆ.

ಹಾಗಾಗಿ ಓದುಗರಲ್ಲಿ ಒಂದು ವಿನಂತಿ. ನಿಮ್ಮ ಹಿತ್ತಲಿಗೆ ಬರುವ ಹಿಂಡಿನಲ್ಲಿ ಒಂದನ್ನಾದರೂ ಗುರುತು ಹಿಡಿಯಿರಿ: ಹರಿದ ಕಿವಿ, ಮುರಿದ ಬಾಲ, ಸೊಟ್ಟ ಬೆರಳು, ಯಾವುದಾದರೂ ಸರಿ. ತಾರೀಕು ಹಾಕಿ ಬರೆದಿಡಿ. ತಿನ್ನಲು ಬಿಸ್ಕೀಟು ಹಾಕಬೇಡಿ, ಹಿತ್ತಲಲ್ಲಿ ಜಾಗವಿದ್ದರೆ ಒಂದು ಅತ್ತಿಯನ್ನೋ ನೇರಳೆಯನ್ನೋ ಹಚ್ಚಿ. ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರದ ಗುರುಗಳು ಮನಸ್ಸು ಮಾಡಿದರೆ, ತಮ್ಮ ಗುಡ್ಡದ ಒಂದೇ ಒಂದು ಹಿಂಡಿಗೆ ಹೆಸರಿಟ್ಟು, ಪ್ರತಿ ವರ್ಷದ ವಿದ್ಯಾರ್ಥಿಗಳ ಕೈಗೆ ಅದೇ ವಹಿಯನ್ನು ದಾಟಿಸುತ್ತ ಹೋಗಬಹುದು. ಇದಕ್ಕೆ ದುಡ್ಡು ಹೆಚ್ಚು ಬೇಡ, ಮೂವತ್ತು ವರ್ಷದ ತಾಳ್ಮೆ ಬೇಕು. ಗುರುತು ಹಿಡಿಯುವುದನ್ನು ಕಲಿಸಲು ಅಕ್ಕೋರಂಥವರು ಈ ಊರಿನ ಓಣಿ ಓಣಿಯಲ್ಲಿ ಇದ್ದಾರೆ. ಅವರು ಇರುವಾಗಲೇ ಹೋಗಿ ಕೇಳಿ.